ಹಕ್ಕಿಗೆ ಊರ ಹೆಸರಿಟ್ಟ ದೊರೆ

ಈ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕು ಅಂತ ಸಂಪಾದಕರು ಗೋಡೆಗೆ ಚೀಟಿ ಹಚ್ಚಿದ ಎರಡೇ ದಿನದಲ್ಲಿ ಒಳ್ಳೊಳ್ಳೆ ಹೆಸರುಗಳೆಲ್ಲ ಖರ್ಚಾಗಿ ಹೋದವು. ವಿಶ್ವೇಶ್ವರಯ್ಯನವರನ್ನು ಸೈನ್ಸಿನವರು ಹಿಡಿದುಕೊಂಡರು. ಕಿತ್ತೂರು ಚೆನ್ನಮ್ಮ ಹೋದಳು, ಕಿಟ್ಟೆಲ್ ಹೋದರು. ಎಲ್ಲರಿಗಿಂತ ಕೊನೆಗೆ ನಾನು ಹೋಗಿ ಬ್ರಿಯಾನ್ ಹಾಟನ್ ಹಾಡ್ಜ್‌ಸನ್ ಅಂದಾಗ, ಯಾವ ಟೀಮಿನ ಆಟಗಾರನಪ್ಪಾ ಇವನು ಅಂತ ನಕ್ಕರು. ಹಕ್ಕಿಗಳ ವಿಷಯ ತಿಳಿದವರಲ್ಲಿ, ಬೌದ್ಧ ಗ್ರಂಥಗಳನ್ನು ಓದುವವರಲ್ಲಿ ಅದು ಬಹಳ ದೊಡ್ಡ ಹೆಸರು ಎಂದು ಹೇಳಿ ನೋಡಿದೆ. ನೇಪಾಳದಲ್ಲಿದ್ದ ಇಂಗ್ಲಿಷ್ ದೊರೆಗೆ ಕನ್ನಡ ಬಳಗದ ಪತ್ರಿಕೆಯಲ್ಲಿ ಏನು ಕೆಲಸ ಎಂದು ಸಂಪಾದಕರು ಕೇಳಿದರು. ಕೇಳಿದ್ದು ನ್ಯಾಯವೇ. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನ ಬರೆದಿದ್ದೇನೆ. ಓದಿದ ಮೇಲೆ ತೀರ್ಪು ನಿಮ್ಮದು.

ಮೊದಲು ನನ್ನ ವಿಷಯ ಎರಡು ಮಾತು. ಅಪ್ಪ ಇಲ್ಲೇ ಮುಂಬಯಿಯಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕಾಲೇಜಿಗೆ ಸೇರಿದ ಮೊದಲ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಮಾಲ್ತಸ್‌ನ ಜನಸಂಖ್ಯಾ ಸಿದ್ಧಾಂತದ ಬಗ್ಗೆ ನನ್ನನ್ನು ಎಬ್ಬಿಸಿ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಜನ ಎರಡು, ನಾಲ್ಕು, ಎಂಟು ಎಂದು ಬೆಳೆಯುತ್ತಾರೆ, ಅನ್ನ ಮಾತ್ರ ಒಂದು, ಎರಡು, ಮೂರು ಎಂದು ಬೆಳೆಯುತ್ತದೆ ಎಂಬುದು ತಲೆಯಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಇತ್ತು. ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಗಂಟೆ ಬಾರಿಸುವ ತನಕ ನಿಂತೇ ಇದ್ದೆ. ನಮ್ಮ ಬಳಗದಲ್ಲಿ ಹೀಗೆ ನಿಂತವರು ನಾನೊಬ್ಬನೇ ಅಲ್ಲ ಅಂತ ಗೊತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮಾಲ್ತಸ್ ಮತ್ತೊಮ್ಮೆ ಬರುತ್ತಾನೆ.

ಹಾಡ್ಜ್‌ಸನ್ ನನಗೆ ಸಿಕ್ಕಿದ್ದು ಒಂದು ಹಕ್ಕಿಯ ಬೆನ್ನು ಹತ್ತಿ ಹೋದಾಗ. ಲೈಬ್ರರಿಯಲ್ಲಿ ಅಕೌಂಟೆನ್ಸಿ ಪುಸ್ತಕಕ್ಕೆ ಕಾಯುತ್ತ ಕೂತಿದ್ದ ಒಂದು ಮಧ್ಯಾಹ್ನ, ಯಾರೋ ಮೇಜಿನ ಮೇಲೆ ಬಿಟ್ಟುಹೋಗಿದ್ದ ಹಕ್ಕಿಗಳ ಪುಸ್ತಕ ತಿರುವಿದೆ. ಹಿಮಾಲಯದ ಹಕ್ಕಿಯೊಂದರ ಚಿತ್ರ ಕಣ್ಣು ಹಿಡಿದು ನಿಲ್ಲಿಸಿತು. ನಮ್ಮ ಪತ್ರಿಕೆಯ ಸ್ಟೆನ್ಸಿಲ್ ಮೇಲೆ ಬಣ್ಣ ಮೂಡುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಹೆಚ್ಚು ಕಡಿಮೆ ಪಿಕಳಾರದಷ್ಟು ಗಾತ್ರ, ಆದರೆ ಗಿಡ್ಡ ಬಾಲ, ಗುಂಡು ಮೈ. ನೆತ್ತಿ ಬೂದು ನೀಲಿ, ಕಣ್ಣಿನ ಮೇಲಿಂದ ಕಪ್ಪು ಪಟ್ಟಿ, ಬೆನ್ನು ಇಟ್ಟಿಗೆಯ ಕೆಂಪು. ಹೊಟ್ಟೆ ಬಿಳಿ, ಪಕ್ಕೆಯ ಮೇಲೆ ಲೆಡ್ಜರ್ ಪುಸ್ತಕದ ಗೆರೆಯ ಹಾಗೆ ಸಾಲಾಗಿ ಕಪ್ಪು ಗೆರೆಗಳು. ಹೆಣ್ಣಿಗೆ ಕಣ್ಣಿನ ಪಟ್ಟಿ ಕಂದು, ಬೆನ್ನ ಮೇಲೆ ಕಪ್ಪು ಚುಕ್ಕೆ. ನೇಪಾಳ, ಸಿಕ್ಕಿಂ, ಭೂತಾನ, ಅರುಣಾಚಲದ ಬೆಟ್ಟದ ಕಾಡುಗಳಲ್ಲಿ, ಪಾಚಿ ಕಟ್ಟಿದ ದೊಡ್ಡ ಮರಗಳ ಕೊಂಬೆಯ ಮೇಲೆ ನಿಧಾನವಾಗಿ ಸರಿದಾಡುತ್ತ, ಪಾಚಿಯ ಸಂದಿಯಿಂದ ಹುಳ ಹೆಕ್ಕಿ ತಿನ್ನುತ್ತದೆ. ಹಾಡುವಾಗ ಒಂದೇ ಸ್ವರವನ್ನು ಗಟ್ಟಿಯಾಗಿ ಮತ್ತೆ ಮತ್ತೆ ಹೇಳುತ್ತದೆ. ನಮ್ಮೂರ ಹಿತ್ತಿಲಲ್ಲಿ ಏಳೆಂಟು ಕೂಡಿ ಗಲಾಟೆ ಮಾಡುವ ಹರಟೆಮಲ್ಲ ಹಕ್ಕಿಯ ಕುಟುಂಬದ್ದೇ ಇದು.

ಅದರ ಶಾಸ್ತ್ರೀಯ ಹೆಸರು ಕುಟಿಯಾ ನಿಪಾಲೆನ್ಸಿಸ್. ಲ್ಯಾಟಿನ್ ಅಂದುಕೊಂಡು ಅರ್ಥ ಹುಡುಕಿದೆ. ಕುಟಿಯಾ ಎನ್ನುವುದು ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ. ನೇಪಾಳದ ಬೆಟ್ಟದ ಜನ ಆ ಹಕ್ಕಿಯನ್ನು ಕರೆಯುತ್ತಿದ್ದ ಹೆಸರನ್ನೇ ಹಿಡಿದು ಕಟ್ಟಿದ ಹೆಸರು. 1837ರಲ್ಲಿ ಅದನ್ನು ಇಟ್ಟವರು ಹಾಡ್ಜ್‌ಸನ್. ಸೂಟು ಬೂಟಿನ ಸಾಹೇಬನೊಬ್ಬ, ಬರಿಗಾಲಿನ ಬೇಟೆಗಾರನ ಬಾಯಿಂದ ಬಂದ ಹೆಸರನ್ನು ಲೋಕದ ಶಾಸ್ತ್ರಕ್ಕೆ ಸೇರಿಸಿದ್ದು ಯಾಕೆ ಎಂದು ತಿಳಿಯಬೇಕೆನಿಸಿತು. ಹಾಗೆ ಶುರುವಾದದ್ದು ಈ ಓದು.

ಹಾಡ್ಜ್‌ಸನ್ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ, ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದಲ್ಲಿ. ಮನೆತನ ಒಳ್ಳೆಯದೇ, ಆದರೆ ತಂದೆ ಹಣ ಹಾಕಿದ್ದ ಬ್ಯಾಂಕು ಮುಳುಗಿ ಮನೆ ಬಡವಾಯಿತು. ಬ್ಯಾಂಕು ಮುಳುಗಿದರೆ ಸಂಸಾರ ಏನಾಗುತ್ತದೆ ಅಂತ ಕಾಮರ್ಸಿನವರಿಗೆ ಹೇಳಬೇಕಾಗಿಲ್ಲ. ಮಕ್ಕಳು ಬಹಳ, ಕೈಗೆ ಬಂದ ಮಗ ದುಡಿಯಲೇಬೇಕು. ಆಗಿನ ಕಾಲದಲ್ಲಿ ಅಂಥ ಮನೆಗಳ ಹುಡುಗರಿಗೆ ಕಾಣುತ್ತಿದ್ದ ದೊಡ್ಡ ನೌಕರಿ ಈಸ್ಟ್ ಇಂಡಿಯಾ ಕಂಪನಿಯದು. ಕಂಪನಿಯ ಅಧಿಕಾರಿಗಳಾಗುವವರನ್ನು ತಯಾರು ಮಾಡಲು ಹೇಲಿಬರಿ ಎಂಬಲ್ಲಿ ಒಂದು ಕಾಲೇಜಿತ್ತು. ಹುಡುಗ ಹಾಡ್ಜ್‌ಸನ್ ಅಲ್ಲಿ ಸೇರಿದಾಗ ಮೊದಲು ಉಳಿದುಕೊಂಡದ್ದು ಅಲ್ಲಿನ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಮನೆಯಲ್ಲಿ. ಆ ಪ್ರಾಧ್ಯಾಪಕರ ಹೆಸರು ಥಾಮಸ್ ಮಾಲ್ತಸ್! ಇದನ್ನು ಓದಿದಾಗ ಲೈಬ್ರರಿಯಲ್ಲೇ ಒಬ್ಬನೇ ನಕ್ಕುಬಿಟ್ಟೆ. ನನ್ನನ್ನು ಒಂದು ಗಂಟೆ ನಿಲ್ಲಿಸಿದ ಮನುಷ್ಯನ ಮನೆಯಲ್ಲಿ ಊಟ ಮಾಡಿಕೊಂಡು ಬೆಳೆದವರ ಕತೆ ಇದು.

1818ರಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪರ್ಷಿಯನ್, ಸಂಸ್ಕೃತ ಕಲಿತರು. ಓದಿನಲ್ಲಿ ಚುರುಕು, ಮುಂದೆ ದೊಡ್ಡ ಹುದ್ದೆ ಖಂಡಿತ ಎನ್ನುವಂತಿತ್ತು. ಆದರೆ ಬಂಗಾಳದ ಸೆಕೆ ಆಗಲಿಲ್ಲ, ಪಿತ್ತಕೋಶ ಕೆಟ್ಟಿತು. ಬಯಲಿನಲ್ಲೇ ಇದ್ದರೆ ಬದುಕುವುದಿಲ್ಲ, ಬೆಟ್ಟಕ್ಕೆ ಹೋಗು, ಇಲ್ಲವೇ ನೌಕರಿ ಬಿಟ್ಟು ಊರಿಗೆ ನಡೆ ಎಂದರು ಡಾಕ್ಟರು. ನೌಕರಿ ಬಿಟ್ಟರೆ ಮನೆಯವರಿಗೆ ಹಣ ಕಳಿಸುವವರು ಯಾರು? ಆಗ ಆ ಕಡೆಯ ಬೆಟ್ಟಗಳಲ್ಲಿ ಕಂಪನಿಯ ಕೆಲಸ ಇದ್ದದ್ದು ಎರಡೇ ಜಾಗದಲ್ಲಿ, ಕುಮಾವೂ ಮತ್ತು ಕಾಠ್ಮಂಡು. ಮೊದಲು ಕುಮಾವೂಗೆ ಹೋದರು. ಅಲ್ಲಿನ ಅಧಿಕಾರಿ ಟ್ರೇಲ್ ಎನ್ನುವವರ ಕೈಕೆಳಗೆ ಹಳ್ಳಿ ಹಳ್ಳಿ ತಿರುಗಿ ಕಂದಾಯದ ಲೆಕ್ಕ ಮಾಡಿದರು. ರೈತರ ಮಾತು ಕಿವಿಗೆ ಬಿದ್ದದ್ದು ಅಲ್ಲಿ. 1820ರಲ್ಲಿ ಕಾಠ್ಮಂಡುವಿನ ರೆಸಿಡೆಂಟರಿಗೆ ಸಹಾಯಕರಾಗಿ ನೇಮಕವಾಯಿತು. ನಡುವೆ ಬಡ್ತಿ ಸಿಕ್ಕಿ ಕಲ್ಕತ್ತೆಗೆ ಹೋದವರು ಮತ್ತೆ ಕಾಯಿಲೆ ಬಿದ್ದರು. 1824ರಲ್ಲಿ ಕಾಠ್ಮಂಡುವಿಗೆ ವಾಪಸ್ಸು ಬರುವಾಗ ಖಾಲಿ ಇದ್ದದ್ದು ಪೋಸ್ಟ್‌ಮಾಸ್ಟರ್ ಕೆಲಸ ಒಂದೇ. ಅದನ್ನೇ ಒಪ್ಪಿಕೊಂಡು ಬಂದರು. ಆಮೇಲೆ ಮತ್ತೆ ಸಹಾಯಕರಾಗಿ, 1833ರಲ್ಲಿ ಸ್ವತಃ ರೆಸಿಡೆಂಟರಾದರು.

ನೇಪಾಳದಲ್ಲಿ ಆಗ ಇಂಗ್ಲಿಷರು ಬೇಡವಾದ ಅತಿಥಿಗಳು. ಯುದ್ಧದಲ್ಲಿ ಸೋತು 1816ರಲ್ಲಿ ಸುಗೌಲಿ ಒಪ್ಪಂದಕ್ಕೆ ಸಹಿ ಹಾಕಿದ ದರ್ಬಾರು, ರೆಸಿಡೆಂಟರನ್ನು ಇಟ್ಟುಕೊಂಡಿತ್ತು, ಅಷ್ಟೆ. ಅವರು ಕಣಿವೆ ದಾಟಿ ಹೋಗುವಂತಿರಲಿಲ್ಲ. ಎಲ್ಲಿ ಹೋದರೂ ಹಿಂದೆ ಕಾವಲಿನ ಕಣ್ಣು. ನಾಲ್ಕು ದಿಕ್ಕಿಗೂ ಬೆಟ್ಟ, ಬೆಟ್ಟದ ತುಂಬ ಕಾಡು, ಕಾಡಿಗೆ ಹೋಗಲು ಅಪ್ಪಣೆ ಇಲ್ಲ. ನಮ್ಮಂಥವರಾಗಿದ್ದರೆ ಇಸ್ಪೀಟಾಡಿ ಕಾಲ ಕಳೆಯುತ್ತಿದ್ದೆವೋ ಏನೋ. ಹಾಡ್ಜ್‌ಸನ್ ಅಲ್ಲಿ ಎಲ್ಲ ಸೇರಿ ಇಪ್ಪತ್ತು ವರ್ಷ ಕಳೆದರು. ತಾವು ಕಾಡಿಗೆ ಹೋಗುವಂತಿಲ್ಲ ಎಂದಮೇಲೆ ಕಾಡನ್ನೇ ಬಂಗಲೆಗೆ ತರಿಸಿಕೊಂಡರು.

ಸ್ವಂತ ಸಂಬಳದಿಂದ ಬೇಟೆಗಾರರನ್ನು ಗೊತ್ತುಮಾಡಿದರು. ಅವರು ತಗ್ಗಿನ ತರಾಯಿ ಕಾಡಿನಿಂದ ಹಿಮದ ಅಂಚಿನ ತನಕ ತಿರುಗಿ ಹಕ್ಕಿ, ಪ್ರಾಣಿಗಳನ್ನು ತಂದುಕೊಡುತ್ತಿದ್ದರು. ಕೆಲವು ಸತ್ತವು, ಕೆಲವು ಜೀವಂತ. ಜೀವಂತವಾದವನ್ನು ತೋಟದಲ್ಲಿ ಸಾಕಿ ಅವುಗಳ ನಡೆ ನುಡಿ ಗಮನಿಸಿದರು. ಕಾಠ್ಮಂಡು ಕಣಿವೆಯಲ್ಲಿ ದೇವರ ಪಟ ಬರೆಯುವ ಚಿತ್ರಕಾರರ ಮನೆತನಗಳಿದ್ದವು. ಅವರಲ್ಲಿ ಕೆಲವರನ್ನು ಕರೆಸಿ ಹಕ್ಕಿಯನ್ನು ಇದ್ದ ಹಾಗೆ, ಅಳತೆಗೆ ಸರಿಯಾಗಿ ಬರೆಯುವುದನ್ನು ಅಭ್ಯಾಸ ಮಾಡಿಸಿದರು. ಅವರಲ್ಲಿ ರಾಜ್‌ಮನ್ ಸಿಂಗ್ ಎನ್ನುವವರ ಹೆಸರು ಇಂದಿಗೂ ಉಳಿದಿದೆ. ಬಣ್ಣದ ಚಿತ್ರದ ಪಕ್ಕದಲ್ಲಿ ಕೊಕ್ಕು, ಕಾಲು, ರೆಕ್ಕೆ ಬೇರೆ ಬೇರೆ ಬರೆಸಿ, ಅಳತೆ, ಹೊಟ್ಟೆಯೊಳಗೆ ಸಿಕ್ಕ ಆಹಾರ, ಯಾವ ಕಾಡಿನಲ್ಲಿ ಸಿಕ್ಕಿತು ಎಂದು ಟಿಪ್ಪಣಿ ಇಡುತ್ತಿದ್ದರು. ಹಕ್ಕಿಗಳ ಲೆಡ್ಜರು ಅಂತಲೇ ಹೇಳಬೇಕು. ಪಕ್ಷಿಶಾಸ್ತ್ರಕ್ಕೆ ಅಲ್ಲಿಯವರೆಗೆ ತಿಳಿಯದಿದ್ದ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಈ ರೀತಿ ಅವರ ಕೈಗೆ ಬಂದವು. ಅವುಗಳಲ್ಲಿ ಎಪ್ಪತ್ತಕ್ಕೂ ಮೀರಿ ಅವರೇ ಮೊದಲು ವರ್ಣಿಸಿದರು.

ಹೆಸರಿಡುವಾಗ ಅವರು ಬೇಟೆಗಾರರನ್ನೇ ಕೇಳುತ್ತಿದ್ದರು. ಕುಟಿಯಾ ಒಂದೇ ಅಲ್ಲ. ತಲೆಯ ಮೇಲೆ ಜುಟ್ಟು ನಿಂತ ಪುಟ್ಟ ಯುಹಿನಾ, ಮರದ ತುದಿಯಲ್ಲಿ ಗುಂಪಾಗಿ ಓಡಾಡುವ ಮಿನ್ಲಾ, ಬಿದಿರು ಮೆಳೆಯಲ್ಲಿ ಕುಣಿಯುವ ಸುಥೋರಾ, ಎಲ್ಲವೂ ಹಾಗೇ ನೇಪಾಳದ ಹೆಸರುಗಳಿಂದ ಬಂದವು. ಒಂದೊಂದು ಜಾತಿಗಲ್ಲ, ಕುಲಕ್ಕೇ ಈ ಹೆಸರು ಇಟ್ಟರು. ಯುರೋಪಿನ ಪಂಡಿತರಿಗೆ ಇದು ಹಿಡಿಸಲಿಲ್ಲ. ಶಾಸ್ತ್ರದ ಹೆಸರು ಅಂದರೆ ಗ್ರೀಕಿನಲ್ಲಿ, ಲ್ಯಾಟಿನ್ನಿನಲ್ಲಿ ಇರಬೇಕು, ಬೆಟ್ಟದ ಜನರ ಒರಟು ಶಬ್ದಗಳು ಸಲ್ಲವು ಎಂದು ಅವರ ವಾದ. 1842ರಲ್ಲಿ ಇಂಗ್ಲೆಂಡಿನಲ್ಲಿ ಸ್ಟ್ರಿಕ್‌ಲೆಂಡ್ ಎನ್ನುವವರ ಮುಂದಾಳುತನದಲ್ಲಿ ಪ್ರಾಣಿಗಳಿಗೆ ಹೆಸರಿಡುವ ನಿಯಮಗಳನ್ನು ಬರೆದಾಗ ಅದೇ ಸಲಹೆ ಕೊಟ್ಟರು. ಆದರೆ ಮೊದಲು ಅಚ್ಚಾದ ಹೆಸರಿಗೇ ಮನ್ನಣೆ ಎನ್ನುವುದೂ ಅದೇ ಶಾಸ್ತ್ರದ ನಿಯಮ. ಆ ಒಂದು ನಿಯಮದ ಬಲದಿಂದ ಕುಟಿಯಾ ಕುಟಿಯಾ ಆಗಿಯೇ ಉಳಿಯಿತು. ಇವತ್ತು ಜಪಾನಿನ ಪಂಡಿತರಾಗಲಿ ಜರ್ಮನಿಯವರಾಗಲಿ ಆ ಹಕ್ಕಿಯ ಹೆಸರು ಬರೆಯಬೇಕಾದರೆ ನೇಪಾಳದ ಬೇಟೆಗಾರನ ಮಾತನ್ನೇ ಬರೆಯಬೇಕು.

ಹಕ್ಕಿಯ ಜೊತೆ ಜೊತೆಗೇ ಇನ್ನೊಂದು ಕೆಲಸ ನಡೆಯುತ್ತಿತ್ತು. ಪಾಟನ್ ಪಟ್ಟಣದಲ್ಲಿ ಅಮೃತಾನಂದ ಎಂಬ ಬೌದ್ಧ ಪಂಡಿತರಿದ್ದರು. ಹಾಡ್ಜ್‌ಸನ್ ಅವರ ಸ್ನೇಹ ಬೆಳೆಸಿ ಬೌದ್ಧ ಧರ್ಮದ ಬಗ್ಗೆ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದುಕೊಂಡರು. ಭಾರತದಲ್ಲಿ ಕಳೆದುಹೋಗಿದ್ದ ಸಂಸ್ಕೃತದ ಬೌದ್ಧ ಗ್ರಂಥಗಳು ನೇಪಾಳದ ಮನೆ, ವಿಹಾರಗಳಲ್ಲಿ ಉಳಿದಿದ್ದವು. ಅವನ್ನು ಸಂಗ್ರಹಿಸಿ, ಪ್ರತಿ ಮಾಡಿಸಿ ಕಲ್ಕತ್ತೆ, ಲಂಡನ್, ಪ್ಯಾರಿಸ್ಸಿಗೆ ಕಳಿಸಿದರು. ಪ್ಯಾರಿಸ್ಸಿನಲ್ಲಿ ಯೂಜೀನ್ ಬರ್ನೂಫ್ ಎಂಬ ವಿದ್ವಾಂಸರು ಆ ಹಸ್ತಪ್ರತಿಗಳನ್ನು ಓದಿ 1844ರಲ್ಲಿ ಭಾರತದ ಬೌದ್ಧ ಧರ್ಮದ ಚರಿತ್ರೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಸದ್ಧರ್ಮಪುಂಡರೀಕವನ್ನು ಫ್ರೆಂಚಿಗೆ ಅನುವಾದಿಸಿ ಅದನ್ನು ಹಾಡ್ಜ್‌ಸನ್‌ಗೇ ಅರ್ಪಿಸಿದರು. ನೇಪಾಳಕ್ಕೂ ಟಿಬೆಟ್ಟಿಗೂ ನಡೆಯುವ ವ್ಯಾಪಾರದ ಬಗ್ಗೆಯೂ ಹಾಡ್ಜ್‌ಸನ್ ಬರೆದಿದ್ದಾರೆ. ನಮ್ಮ ಕಾಮರ್ಸಿನವರು ಹೆಮ್ಮೆಪಡಬಹುದು.

ಈಗ ನಾನು ಹೇಳಲೇಬೇಕೆಂದಿದ್ದ ಮಾತಿಗೆ ಬರುತ್ತೇನೆ. 1835ರಲ್ಲಿ ಮೆಕಾಲೆ ತನ್ನ ಪ್ರಸಿದ್ಧ ವರದಿ ಬರೆದ. ಭಾರತೀಯರಿಗೆ ಇಂಗ್ಲಿಷಿನಲ್ಲೇ ಶಿಕ್ಷಣ ಕೊಡಬೇಕು, ಸರಕಾರದ ಹಣ ಅದಕ್ಕೇ ಹೋಗಬೇಕು ಎಂದು ತೀರ್ಮಾನವಾಯಿತು. ಇಷ್ಟು ನಾವು ಶಾಲೆಯಲ್ಲೇ ಓದಿದ್ದೇವೆ. ಆಗ ಜಗಳ ಇದ್ದದ್ದು ಎರಡು ಪಕ್ಷಗಳ ನಡುವೆ. ಒಂದು ಇಂಗ್ಲಿಷ್ ಪಕ್ಷ, ಇನ್ನೊಂದು ಸಂಸ್ಕೃತ, ಅರಬ್ಬೀ ಪಕ್ಷ. ಕಾಠ್ಮಂಡುವಿನಲ್ಲಿ ಕೂತಿದ್ದ ಹಾಡ್ಜ್‌ಸನ್ ಎರಡನ್ನೂ ಒಪ್ಪಲಿಲ್ಲ. ಪತ್ರಿಕೆಗೆ ಸಾಲಾಗಿ ಪತ್ರ ಬರೆದು, ಜನರ ತಾಯ್ನುಡಿಯಲ್ಲೇ ಶಿಕ್ಷಣ ಕೊಡಬೇಕು ಎಂದು ವಾದಿಸಿದರು. ಆ ಪತ್ರಗಳು 1837ರಲ್ಲಿ ಸೆರಾಂಪುರದಲ್ಲಿ ಪುಸ್ತಕವಾಗಿ ಅಚ್ಚಾದವು. ಇಸವಿ ಗಮನಿಸಿ. ಕುಟಿಯಾ ಹಕ್ಕಿಗೆ ಹೆಸರಿಟ್ಟದ್ದೂ ಅದೇ 1837.

ಅವರ ವಾದ ಸರಳ. ಪರಭಾಷೆಯ ವಿದ್ಯೆ ಎಲ್ಲಿಯೂ ಕೆಲವರ ಸೊತ್ತಾಗಿ ಉಳಿಯುತ್ತದೆ. ಸಂಸ್ಕೃತ ಪಂಡಿತರೂ, ಪರ್ಷಿಯನ್ ಬಲ್ಲ ಕಚೇರಿಯವರೂ ಜನಕ್ಕೆ ಅರ್ಥವಾಗದ ಭಾಷೆಯ ಬಲದಿಂದಲೇ ಜನರ ಮೇಲೆ ಸವಾರಿ ಮಾಡಿದರು. ಅವರ ಜಾಗದಲ್ಲಿ ಇಂಗ್ಲಿಷ್ ಬಲ್ಲವರನ್ನು ಕೂರಿಸಿದರೆ ಯಜಮಾನ ಬದಲಾದನೇ ಹೊರತು ಹೊರೆ ಇಳಿಯಲಿಲ್ಲ. ದೇಶದ ಕೋಟಿ ಕೋಟಿ ಜನ ಇಂಗ್ಲಿಷ್ ಕಲಿತು ಆಮೇಲೆ ವಿದ್ಯೆ ಕಲಿಯಲಿ ಎನ್ನುವುದು ಆಗಿಹೋಗುವ ಮಾತಲ್ಲ. ಹಾಗಾಗಿ ಎರಡೂ ಭಾಷೆ ಬಲ್ಲವರನ್ನು ತಯಾರು ಮಾಡುವ ಒಂದು ವಿದ್ಯಾಲಯ ತೆರೆಯಿರಿ, ಉಪಯೋಗಕ್ಕೆ ಬರುವ ಪುಸ್ತಕಗಳನ್ನು ಜನರ ಭಾಷೆಗೆ ತರುವವರನ್ನೂ ಕಲಿಸುವವರನ್ನೂ ಅಲ್ಲಿ ಬೆಳೆಸಿರಿ ಎಂದರು. ಇಂಗ್ಲಿಷನ್ನು ಬೇಡ ಎಂದವರಲ್ಲ. ಆದರೆ ಬುಡ ತಾಯ್ನುಡಿಯಲ್ಲಿ ಊರಬೇಕು ಎಂಬುದು ಅವರ ಹಟ. ಗೆದ್ದದ್ದು ಮೆಕಾಲೆಯೇ ಎಂದು ನಮಗೆಲ್ಲ ಗೊತ್ತಿದೆ. 1854ರಲ್ಲಿ ವುಡ್ ಎಂಬವರ ಶಿಕ್ಷಣ ಆದೇಶ ಬಂದಾಗ ಕೆಳಗಿನ ತರಗತಿಗಳಿಗೆ ತಾಯ್ನುಡಿ, ಮೇಲಿನ ಓದಿಗೆ ಇಂಗ್ಲಿಷ್ ಎಂದಾಯಿತು. ಆ ಎರಡರ ನಡುವಿನ ಮೆಟ್ಟಿಲಲ್ಲೇ ನಾನು ಎಡವಿ ನಿಂತದ್ದು.

ತರಗತಿಯಲ್ಲಿ ನಿಂತಿದ್ದಾಗ ತಪ್ಪು ನನ್ನದು, ನನ್ನ ಶಾಲೆಯದು, ನನ್ನ ಕನ್ನಡದ್ದು ಎಂದು ಅಂದುಕೊಂಡಿದ್ದೆ. ಮಾಲ್ತಸ್‌ನ ಮನೆಯಲ್ಲಿದ್ದ ಹುಡುಗನೇ ಬೆಳೆದು ದೊಡ್ಡವನಾಗಿ, ನನ್ನ ಪರವಾಗಿ ಅಷ್ಟು ಹಿಂದೆಯೇ ವಕಾಲತ್ತು ಹಾಕಿದ್ದ ಅಂತ ಗೊತ್ತಾದಾಗ ಎದೆ ಸ್ವಲ್ಪ ಹಗುರಾಯಿತು. ಕೇಸು ಸೋತರೂ ವಕೀಲ ಒಳ್ಳೆಯವ.

ಇಷ್ಟೆಲ್ಲ ಮಾಡಿದವರು ಸೋತದ್ದೇ ಹೆಚ್ಚು. ನೇಪಾಳದ ಹಕ್ಕಿಗಳ ಬಗ್ಗೆ ಬಣ್ಣದ ಚಿತ್ರಗಳ ಸಮೇತ ದೊಡ್ಡ ಗ್ರಂಥ ತರಬೇಕೆಂದು ಅವರ ಆಸೆ. ಚಿತ್ರ ತಯಾರಿತ್ತು, ಟಿಪ್ಪಣಿ ತಯಾರಿತ್ತು. ಅಚ್ಚು ಮಾಡಿಸಲು ಮುಂಗಡ ಹಣ ಕೊಡುವ ಚಂದಾದಾರರು ಸಾಕಷ್ಟು ಸಿಗಲಿಲ್ಲ. ಪತ್ರ ಹಡಗಿನಲ್ಲಿ ಲಂಡನ್ನಿಗೆ ಹೋಗಿ ಉತ್ತರ ಬರಬೇಕಾದರೆ ತಿಂಗಳುಗಳೇ ಕಳೆಯುತ್ತಿದ್ದವು. ಅಷ್ಟರಲ್ಲಿ ಲಂಡನ್ನಿನ ಜಾನ್ ಗೋಲ್ಡ್ ಹಿಮಾಲಯದ ಹಕ್ಕಿಗಳ ಸುಂದರವಾದ ಚಿತ್ರಗ್ರಂಥ ತಂದು ಹೆಸರು ಮಾಡಿದ್ದರು. ಆ ಚಿತ್ರಗಳನ್ನು ಕಲ್ಲಚ್ಚಿನ ಮೇಲೆ ಬರೆದದ್ದು ಅವರ ಹೆಂಡತಿ ಎಲಿಜಬೆತ್. ಇಬ್ಬರೂ ಹಿಮಾಲಯ ಕಂಡವರಲ್ಲ, ಲಂಡನ್ನಿಗೆ ಬಂದ ಹಕ್ಕಿಯ ಚರ್ಮ ನೋಡಿ ಮಾಡಿದ ಕೆಲಸ. ಹಾಡ್ಜ್‌ಸನ್ ಜೊತೆ ಸೇರಿ ಪುಸ್ತಕ ಮಾಡುವ ಮಾತು ಬಂತು. ಆದರೆ ಗೋಲ್ಡ್‌ಗೆ ಪುಸ್ತಕ ತನ್ನದಾಗಬೇಕಿತ್ತು, ಹಾಡ್ಜ್‌ಸನ್ ಸಾಮಗ್ರಿ ಕೊಟ್ಟವರಾಗಿ ಉಳಿಯಬೇಕಿತ್ತು. ಹಾಡ್ಜ್‌ಸನ್ ಒಪ್ಪಲಿಲ್ಲ. ಗ್ರಂಥ ಬರಲೇ ಇಲ್ಲ. ಇಪ್ಪತ್ತು ವರ್ಷದ ಬಂಡವಾಳ ಹಾಕಿದವನಿಗೆ ಅಂಗಡಿಯ ಬೋರ್ಡಿನ ಮೇಲೆ ಹೆಸರು ಇರದಿದ್ದರೆ ಯಾರು ತಾನೇ ಪಾಲುದಾರರಾಗುತ್ತಾರೆ?

ನೌಕರಿಯೂ ಹೀಗೇ ಮುಗಿಯಿತು. ನೇಪಾಳದ ದರ್ಬಾರಿನಲ್ಲಿ ಆಗ ಪಕ್ಷ ಪಂಗಡಗಳ ಕಾದಾಟ. ಮೂವತ್ತು ವರ್ಷ ಆಳಿದ ಮಂತ್ರಿ ಭೀಮಸೇನ್ ಥಾಪಾ 1837ರಲ್ಲಿ ಬಿದ್ದು, 1839ರಲ್ಲಿ ಸೆರೆಯಲ್ಲಿ ಸತ್ತರು. ಇಂಗ್ಲಿಷರ ಸೈನ್ಯ ಅಫ್ಘಾನಿಸ್ತಾನದಲ್ಲಿ ಸಿಕ್ಕಿಬಿದ್ದಿದ್ದ ಹೊತ್ತಿನಲ್ಲಿ ನೇಪಾಳ ಯುದ್ಧಕ್ಕೆ ಎದ್ದೇಳದ ಹಾಗೆ ನೋಡಿಕೊಳ್ಳುವುದು ಹಾಡ್ಜ್‌ಸನ್ ಕೆಲಸ. ಅದಕ್ಕಾಗಿ ದರ್ಬಾರಿನ ಒಳಜಗಳದಲ್ಲಿ ಅವರೂ ಕೈ ಹಾಕಿದರು, ಒಂದು ಪಕ್ಷವನ್ನು ಎತ್ತಿ ಕಟ್ಟಿದರು. ಇದನ್ನು ಮುಚ್ಚಿಡಬಾರದು. ಎಷ್ಟೇ ಒಳ್ಳೆಯವರಾದರೂ ಕಂಪನಿಯ ಉಪ್ಪು ತಿಂದವರು. 1842ರಲ್ಲಿ ಹೊಸ ಗವರ್ನರ್ ಜನರಲ್ ಎಲೆನ್‌ಬರೋ ಬಂದರು. ಅವರಿಗೆ ಹಾಡ್ಜ್‌ಸನ್ ರೀತಿ ಸರಿಬೀಳಲಿಲ್ಲ. 1843ರ ಕೊನೆಯಲ್ಲಿ ಅವರನ್ನು ಕಾಠ್ಮಂಡುವಿನಿಂದ ತೆಗೆದರು. ಬದಲಿಗೆ ಕೊಟ್ಟ ಚಿಕ್ಕ ಹುದ್ದೆ ಬೇಡವೆಂದು ರಾಜೀನಾಮೆ ಕೊಟ್ಟು ಊರಿಗೆ ಹೋದರು.

ಊರಿಗೆ ಹೋಗುವಾಗ ಕೂಡಿಸಿದ್ದನ್ನೆಲ್ಲ ಹೊತ್ತುಕೊಂಡು ಹೋಗಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಪುಕ್ಕಟೆಯಾಗಿ ಕೊಟ್ಟರು. ಮುಂದಿನ ವರ್ಷಗಳಲ್ಲಿ ಕೊಟ್ಟದ್ದೂ ಸೇರಿ ಹತ್ತು ಸಾವಿರ ಮೀರಿದ ಹಕ್ಕಿ, ಪ್ರಾಣಿಗಳ ಚರ್ಮ, ಅಸ್ಥಿ. ಅಷ್ಟಾದರೂ ಇಂಗ್ಲೆಂಡಿನಲ್ಲಿ ಮನಸ್ಸು ನಿಲ್ಲಲಿಲ್ಲ. ಸರಕಾರಿ ನೌಕರಿ ಇಲ್ಲ, ನೇಪಾಳಕ್ಕೆ ಪ್ರವೇಶ ಇಲ್ಲ, ಆದರೂ 1845ರಲ್ಲಿ ಸ್ವಂತ ಖರ್ಚಿನಲ್ಲಿ ಹಡಗು ಹತ್ತಿ ಬಂದು ನೇಪಾಳದ ಪಕ್ಕದ ಡಾರ್ಜಿಲಿಂಗಿನಲ್ಲಿ ಮನೆ ಮಾಡಿದರು. ಬಾಗಿಲು ಹಾಕಿದ ಮನೆಯ ಪಕ್ಕದಲ್ಲೇ ಬಿಡಾರ ಹೂಡಿದ ಹಾಗೆ. ಅಲ್ಲಿ ಹದಿಮೂರು ವರ್ಷ. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1848ರಲ್ಲಿ ಬಂದು ಅವರ ಮನೆಯಲ್ಲೇ ತಳವೂರಿ ಸಿಕ್ಕಿಂ ಬೆಟ್ಟಗಳನ್ನು ಶೋಧಿಸಿದರು. ಸ್ನೇಹ ಎಷ್ಟು ಗಾಢವಾಯಿತೆಂದರೆ, ಹೂಕರ್ ಒಂದು ರೋಡೊಡೆಂಡ್ರಾನ್ ಗಿಡಕ್ಕೂ ತಮ್ಮ ಒಬ್ಬ ಮಗನಿಗೂ ಹಾಡ್ಜ್‌ಸನ್ ಹೆಸರಿಟ್ಟರು.

ಡಾರ್ಜಿಲಿಂಗಿನಲ್ಲಿ ಹಕ್ಕಿಗಿಂತ ಮನುಷ್ಯರ ಮಾತುಗಳ ಹಂಬಲವೇ ಹೆಚ್ಚಾಯಿತು. ಬೋಡೋ, ಧೀಮಾಲ್ ಮೊದಲಾದ ಬೆಟ್ಟದ, ಕಾಡಿನ ಜನರ ಭಾಷೆಗಳ ಶಬ್ದಗಳನ್ನು ಹಕ್ಕಿಗಳನ್ನು ಕೂಡಿಸಿದ ಹಾಗೇ ಕೂಡಿಸಿದರು. 1847ರಲ್ಲಿ ಆ ಬಗ್ಗೆ ಪುಸ್ತಕ ತಂದರು. ಅಲ್ಲಿಂದ ದಕ್ಷಿಣಕ್ಕೂ ಕೈ ಚಾಚಿದರು. ನೀಲಗಿರಿಯ ತೋಡ, ಕೋಟ, ಬಡಗ, ಕುರುಂಬ, ಇರುಳರ ಮಾತುಗಳ ಬಗ್ಗೆ 1856ರಲ್ಲಿ ಲೇಖನ ಬರೆದರು. ಬಡಗರ ಮಾತು ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ಎಂದು ಊಟಿಗೆ ಹೋಗಿಬಂದವರಿಗೆ ಗೊತ್ತಿರುತ್ತದೆ. ಹಿಮಾಲಯದ ಮೇಲೆ ಕೂತಿದ್ದ ಮನುಷ್ಯನ ಕಿವಿಗೆ ನಮ್ಮ ಮಾತಿನ ನೆಂಟರ ದನಿಯೂ ಬಿದ್ದಿತ್ತು.

ಅವರ ಮನೆಯ ಬದುಕು ಸುಖದ್ದೇನಲ್ಲ. ನೇಪಾಳದಲ್ಲಿದ್ದಾಗ ಕಾಶ್ಮೀರಿ ಮುಸಲ್ಮಾನ ಹೆಣ್ಣುಮಗಳೊಬ್ಬಳ ಜೊತೆ ಸಂಸಾರ ಮಾಡಿದ್ದರು. ಮಕ್ಕಳನ್ನು ಹಾಲೆಂಡಿನಲ್ಲಿದ್ದ ತಂಗಿಯ ಮನೆಗೆ ಕಳಿಸಿ ಬೆಳೆಸಿದರು. ತಂದೆ ಬದುಕಿರುವಾಗಲೇ ಆ ಮಕ್ಕಳು ತೀರಿಕೊಂಡರು. ಆ ತಾಯಿಯ ಬಗ್ಗೆ ಪುಸ್ತಕಗಳು ಹೇಳುವುದು ಬಹಳ ಕಡಿಮೆ. 1853ರಲ್ಲಿ ಮದುವೆಯಾದ ಆನ್ ಸ್ಕಾಟ್ ಅವರಿಗೆ ಡಾರ್ಜಿಲಿಂಗಿನ ಹವೆ ಒಗ್ಗಲಿಲ್ಲ. 1858ರಲ್ಲಿ ಹಾಡ್ಜ್‌ಸನ್ ಭಾರತ ಬಿಟ್ಟರು. ಕಾಯಿಲೆಯ ಮನುಷ್ಯ, ಹೆಚ್ಚು ದಿನ ಬದುಕುವುದಿಲ್ಲ ಎಂದಿದ್ದವರೆಲ್ಲ ಹೋದರು, ಅವರು ಮಾತ್ರ ತೊಂಬತ್ತು ದಾಟಿ ಬದುಕಿದರು. ಚಿತ್ರಗಳನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘಕ್ಕೆ ಕೊಟ್ಟರು. ಅವರ ಟಿಪ್ಪಣಿಗಳನ್ನು ಅಲನ್ ಹ್ಯೂ‌ಮ್ ತಮ್ಮ ಪಕ್ಷಿಗ್ರಂಥಕ್ಕೆ ಬಳಸಿಕೊಂಡರು. ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಅದೇ ಹ್ಯೂಮ್. 1889ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟು ಕೊಟ್ಟಿತು. 1894ರ ಮೇ 23ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರನ್ನು ದೇವರು ಮಾಡಲು ನಾನು ಹೊರಟಿಲ್ಲ. ಅವರಿಗಾಗಿ ಗುಂಡು ತಿಂದ ಹಕ್ಕಿಗಳ ಲೆಕ್ಕ ನೋಡಿದರೆ ಇಂದಿನವರಿಗೆ ಸಂಕಟವಾಗುತ್ತದೆ. ಕ್ಯಾಮರಾ, ಬೈನಾಕ್ಯುಲರ್ ಇಲ್ಲದ ಆ ಕಾಲದಲ್ಲಿ ಹಕ್ಕಿಯನ್ನು ತಿಳಿಯಲು ಅದೊಂದೇ ದಾರಿ ಇತ್ತು ಎನ್ನಬಹುದು. ಬೇಟೆಗಾರರ ಬಾಯಿಯ ಹೆಸರು ಹಕ್ಕಿಗೆ ಉಳಿಯಿತು, ಆದರೆ ಆ ಬೇಟೆಗಾರರ ಹೆಸರನ್ನು ನಾನು ಓದಿದ ಯಾವ ಪುಸ್ತಕದಲ್ಲೂ ಕಾಣಲಿಲ್ಲ. ತಾಯ್ನುಡಿಯ ಪರವಾಗಿ ಅವರು ವಾದಿಸಿದ್ದು ಇಂಗ್ಲಿಷಿನಲ್ಲೇ. ನಾನು ಅವರ ವಿಷಯ ಓದಿದ್ದೂ ಇಂಗ್ಲಿಷಿನಲ್ಲೇ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಎರಡು ತಿಂಗಳು. ಆದರೆ ಅವರು ಹೇಳಿದ್ದೂ ಅದೇ ಅಲ್ಲವೇ? ಅಲ್ಲಿ ಓದಿದ್ದನ್ನು ಇಲ್ಲಿಗೆ ತರುವವರು ಬೇಕು ಎಂದು.

ಕಳೆದ ಮಳೆಗಾಲದಲ್ಲಿ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಪೊದೆಯ ತುದಿಯಲ್ಲಿ ಹೆಬ್ಬೆರಳಿನಷ್ಟು ಹಕ್ಕಿಯೊಂದು ಬಾಲ ಎತ್ತಿ ಕುಣಿಸುತ್ತ ಒಂದೇ ಸಮನೆ ಕೂಗುತ್ತಿತ್ತು. ಬಿಳಿ ಎದೆಯ ಮೇಲೆ ಬೂದು ಪಟ್ಟಿ. ಪುಸ್ತಕ ತೆಗೆದು ನೋಡಿದೆ. ಪ್ರಿನಿಯಾ ಹಾಡ್ಜ್‌ಸೋನಿ. ಕಲ್ಕತ್ತೆಯ ಎಡ್ವರ್ಡ್ ಬ್ಲೈತ್ 1844ರಲ್ಲಿ ಹಾಡ್ಜ್‌ಸನ್ ನೆನಪಿಗೆ ಇಟ್ಟ ಹೆಸರು. ಹಿಮಾಲಯದ ಕುಟಿಯಾ ನಾನು ಯಾವತ್ತು ನೋಡುತ್ತೇನೋ ತಿಳಿಯದು. ಲೋಕಲ್ ಟ್ರೇನಿನ ಪಾಸಿನಲ್ಲಿ ಹೋಗಿಬರುವ ದೂರದಲ್ಲೇ ಹಾಡ್ಜ್‌ಸನ್ ಹೆಸರಿನ ಹಕ್ಕಿ ಇದೆ. ನಮ್ಮ ಕರ್ನಾಟಕದ ಕುರುಚಲು ಕಾಡುಗಳಲ್ಲೂ ಇದೆ.

ರಜೆಯಲ್ಲಿ ಕುಂದಾಪುರದ ಕಡೆ ನಮ್ಮೂರಿಗೆ ಹೋದಾಗ ಅಜ್ಜಿಯ ಹತ್ತಿರ ಕೂತು ಹಕ್ಕಿಗಳ ಹೆಸರು ಕೇಳಿದೆ. ಪಿಕಳಾರ, ಮಡಿವಾಳ, ಕೆಂಬೂತ ಎಂದು ಶುರುಮಾಡಿ ಕತ್ತಲಾಗುವ ತನಕ ಹೇಳಿದರು. ಕೆಲವು ಹೆಸರು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಇದನ್ನೆಲ್ಲ ಬರೆದುಕೊಂಡು ಏನು ಮಾಡ್ತೀಯಾ ಮಗಾ ಅಂತ ಕೇಳಿದರು. ಅಕೌಂಟೆನ್ಸಿಯ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳು ಅವತ್ತು ತುಂಬಿದವು.

ಸಂಪಾದಕರ ಪ್ರಶ್ನೆಗೆ ಇದೇ ನನ್ನ ಉತ್ತರ. ಬಳಗದ ಮಿತ್ರರಲ್ಲಿ ಒಂದು ಕೋರಿಕೆಯೂ ಇದೆ. ನೀವು ಧಾರವಾಡದವರಿರಲಿ, ಕಲಬುರಗಿಯವರಿರಲಿ, ಮಂಗಳೂರಿನವರಿರಲಿ, ನಿಮ್ಮ ಮನೆಯ ಹಿರಿಯರನ್ನು ಕೇಳಿ ಊರ ಹಕ್ಕಿಯ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಬಳಗದ ಪೆಟ್ಟಿಗೆಗೆ ಹಾಕಿ. ಹೇಳಿದವರ ಹೆಸರನ್ನೂ ತಪ್ಪದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಸೇರಿಸಿ ಅಚ್ಚು ಹಾಕೋಣ.